ಬಿಲ್ಲೆ ಕರಗುವಷ್ಟು ಹೊತ್ತು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪಾಯಿಂಟಕ್ಕ ಪ್ಲಾಟಿನಂ ಮೂಸೆಯನ್ನು ಚಿಮುಟದಲ್ಲಿ ಹಿಡಿದು, ಕರಗಿದ ಅದಿರು ತಳದಲ್ಲಿ ಬಿಲ್ಲೆಯಾಗಿ ಗಟ್ಟಿಯಾಗುವುದನ್ನು ನೋಡುತ್ತಿದ್ದಳು. ತರಕಾರಿಯ ತೂಕ ಕೇಳಿದರೂ ದಶಾಂಶ ಬಿಡದೆ ಹೇಳುತ್ತಿದ್ದುದರಿಂದ ಆ ಹೆಸರು. ಅಲ್ಯುಮಿನಾ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ವರದಿಗೆ ಸಹಿ ಹಾಕುವ ಕುರ್ಚಿ ಹದಿನೈದು ವರ್ಷದಿಂದ ಅವಳದೇ.

ಎದುರು ಮೇಜಿನಲ್ಲಿ ವಾರಗಿತ್ತಿ. ಮೈದುನನ ಹೆಂಡತಿಯಾಗಿ ಮನೆಗೆ ಬಂದವಳು ಮರುವರ್ಷ ಇಲ್ಲಿಗೂ ಬಂದಳು. ಕೆಲಸ ಕಲಿಸಿದ್ದು ಪಾಯಿಂಟಕ್ಕನೇ. ಈಗ ಮನೆಯಲ್ಲಿ ಅತ್ತೆ "ಚಿಕ್ಕವಳ ಕೈ ನೋಡು, ಎಷ್ಟು ಚುರುಕು" ಅನ್ನುತ್ತಾರೆ. ಇಲ್ಲಿ ಮ್ಯಾನೇಜರದೂ ಅದೇ ರಾಗ. ಪಾಯಿಂಟಕ್ಕನ ಹೊಟ್ಟೆಯುರಿಗೆ ವಾರದ ರಜೆಯೂ ಇರಲಿಲ್ಲ.

ಹೊಸ ಗಣಿಯ ಬಾಕ್ಸೈಟ್ ಅದಿರಿನಲ್ಲಿ ಟೈಟಾನಿಯಂ ಹೆಚ್ಚು. ಅದೆಷ್ಟೆಂದು ತಿಳಿದು ಕಳೆಯದಿದ್ದರೆ ಅಲ್ಯುಮಿನಾದ ಅಂಕಿ ಸುಳ್ಳಾಗಿ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಅದಿರಿಗೆ ಬೆರೆಸುವ ಸುಣ್ಣದ ಅಳತೆಯೂ ತಪ್ಪುತ್ತದೆ. ವಾರಗಿತ್ತಿ ಕೊಟ್ಟದ್ದು ಶೇಕಡಾ ಒಂಬತ್ತು ಪಾಯಿಂಟ್ ನಾಲ್ಕು. ಅಷ್ಟೆಲ್ಲಿಂದ ಬರುತ್ತದೆ ಎಂದು ಪಾಯಿಂಟಕ್ಕ ತಗಾದೆ ತೆಗೆದಿದ್ದಳು.

"ಹಾಗಾದ್ರೆ ನೀವೂ ಮಾಡಿ ನೋಡಿ. ಯಾರ ಅಂಕಿ ನಿಲ್ಲುತ್ತೋ ನಾಳೆಯಿಂದ ಸಹಿ ಅವರದೇ. ಹನ್ನೆರಡಕ್ಕೆ ಬರ್ತೀನಿ," ಎಂದಿದ್ದರು ಮ್ಯಾನೇಜರು.

ಬಿಲ್ಲೆಯನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ತಣ್ಣಗೇ ಕರಗಿಸಬೇಕು. ವಾರಗಿತ್ತಿ ತನ್ನದನ್ನು ಹಿಂದಿನ ರಾತ್ರಿಯಿಡೀ ನೆನೆಯಲು ಬಿಟ್ಟಿದ್ದಳು. ಹನ್ನೊಂದು ದಾಟಿತು, ಪಾಯಿಂಟಕ್ಕನ ಬಿಲ್ಲೆ ಜಪ್ಪಯ್ಯ ಅನ್ನಲಿಲ್ಲ. ಎದುರಿನಿಂದ ಕಿಸಕ್ಕೆಂದ ಹಾಗಾಯಿತು.

"ಏನೇ ಅದು ನಗು?"

"ನಗಲಿಲ್ಲಕ್ಕ, ಕೆಮ್ಮು."

"ಹಾಗಾದ್ರೆ ಮ್ಯಾನೇಜರ್ ಬಂದಾಗ ಕೆಮ್ಮು. ಅದನ್ನೂ ಹೊಗಳ್ತಾರೆ."

"ನೀವು ಕಲಿಸಿದ ಕೆಮ್ಮೇ ಅಲ್ವಾ ಅಕ್ಕ!"

ಪಾಯಿಂಟಕ್ಕ ಬೆನ್ನು ತಿರುಗಿಸಿ ನಿಂತು ಬಿಲ್ಲೆಯ ಮೇಲೆ ಕುದಿಯುವ ನೀರು ಸುರಿದಳು. ಹತ್ತೇ ನಿಮಿಷದಲ್ಲಿ ಕರಗಿತು. ಸೋಸಿ, ಪೆರಾಕ್ಸೈಡ್ ಹಾಕಿ, ಎದ್ದ ಟೈಟಾನಿಯಂನ ಹಳದಿ ಬಣ್ಣವನ್ನು ಉಪಕರಣದಲ್ಲಿ ಅಳೆದಳು. ಆರು ಪಾಯಿಂಟ್ ಒಂದು. ಹಾಲು ಕುಡಿದಷ್ಟು ಖುಷಿಯಾಯಿತು. ವಾರಗಿತ್ತಿಯ ಮುಖ ಹೇಗಾಗಬಹುದೆಂದು ಊಹಿಸುತ್ತಲೇ ಆಲಿಕೆ ತೊಳೆಯಲು ಎತ್ತಿದಳು.

ಸೋಸುಕಾಗದದ ಮೇಲೆ ಬಿಳಿ ಮಡ್ಡಿ.

ಸಿಲಿಕಾ ಇದ್ದೀತು ಎಂದುಕೊಂಡಳು. ಆದರೆ ಸಿಲಿಕಾ ಇಷ್ಟಿರುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. "ಬಿಸಿ ತಾಗಿಸಿದ್ಯೋ, ಟೈಟಾನಿಯಂ ಬೆಳ್ಳಗೆ ತಳದಲ್ಲಿ ಕೂತ್ಬಿಡುತ್ತೆ, ಲೆಕ್ಕಕ್ಕೆ ಸಿಗಲ್ಲ, ನೆನಪಿಟ್ಕೋ." ವಾರಗಿತ್ತಿಗೆ ಮೊದಲ ದಿನ ಹೇಳಿಕೊಟ್ಟ ಪಾಠವದು. ಅವಳು ನೆನಪಿಟ್ಟುಕೊಂಡಿದ್ದಳು.

ಕಸದ ಡಬ್ಬಿ ಕಾಲ ಬಳಿಯೇ ಇತ್ತು. ಕಾಗದವನ್ನು ಮುದುರಿ ಹಾಕಿದರೆ ಕೇಳುವವರಿಲ್ಲ. ಅಷ್ಟರಲ್ಲಿ ಮ್ಯಾನೇಜರು ಒಳಗೆ ಬಂದರು. ವಾರಗಿತ್ತಿ ಪೆನ್ನು ಕೆಳಗಿಟ್ಟಳು.

"ಎಷ್ಟು ಬಂತು ಮೇಡಂ?"

ಪಾಯಿಂಟಕ್ಕ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ನಂದು ಕೆಟ್ಟುಹೋಯ್ತು. ಅವಸರಕ್ಕೆ ಬಿಸಿನೀರು ಹಾಕ್ಬಿಟ್ಟೆ."

"ಅಯ್ಯೋ, ಬಿಡಿ ಅಕ್ಕ, ಇನ್ನೊಂದ್ಸಲ ಮಾಡೋಣ," ಎಂದಳು ವಾರಗಿತ್ತಿ, ಎದ್ದು ಬಂದು.

ಆ ಒಳ್ಳೆಯತನವೂ ಪಾಯಿಂಟಕ್ಕನನ್ನು ಸುಟ್ಟಿತು. ಹೊಟ್ಟೆಕಿಚ್ಚು ಅಂದು ಆರಲಿಲ್ಲ, ಮುಂದೆ ಒಂಬತ್ತು ವರ್ಷ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡಿದಾಗಲೂ ಪೂರ್ತಿ ಆರಲಿಲ್ಲ.

"ಮತ್ತೆ ವರದಿಗೆ ಏನು ಬರೆಯೋದು?" ಎಂದರು ಮ್ಯಾನೇಜರು.

ಪಾಯಿಂಟಕ್ಕ ಸಹಿಯ ಕುರ್ಚಿಯನ್ನು ವಾರಗಿತ್ತಿಯ ಕಡೆಗೆ ಸರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಒಂಬತ್ತು ಪಾಯಿಂಟ್ ನಾಲ್ಕು."