ಭಾವ ಕೇಳಿದ ಹೂವು

ಶೇಂಗಾ ಹುರಿದು ಮೊರದಲ್ಲಿ ಸಿಪ್ಪೆ ಕೇರುತ್ತಿದ್ದೆ. ನ್ಯಾಮತಿಯಿಂದ ಅಕ್ಕ ಫೋನು ಮಾಡಿದಳು. ಅವಳ ಎದೆಯ ಗಡ್ಡೆಗೆ ದಾವಣಗೆರೆಯಲ್ಲಿ ಕೀಮೋ ಕೊಡುತ್ತಿದ್ದರು.

"ನಾಳೆ ಹೋಗಲ್ಲ ಕಣೇ. ನಿಮ್ಮ ಭಾವ ಬ್ಯಾಡ ಅಂದ್ರು. ಹೊಸಾ ಔಷಧಿ ಬಂದೈತಂತೆ."

ಮೊರ ಅಲ್ಲೇ ಬಿಟ್ಟು ಹೊನ್ನಾಳಿಯಿಂದ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತು. ಶಿವ ಅಷ್ಟಾದರೂ ನಡೆಸಿಕೊಟ್ಟ.

ಭಾವ ಅಡಿಕೆ ವ್ಯಾಪಾರಿ. ಮೊಬೈಲಿನಲ್ಲಿ ಆ ಔಷಧಿಯ ಸುದ್ದಿ ಓದಿದ ದಿನದಿಂದ ವಿಜ್ಞಾನಿಯೂ ಹೌದು.

"ರೋಗದ ಜೊತೆ ಹೊಡೆದಾಡೋ ಕಣ ಮೈಯಾಗೆ ಇರ್ತಾವಲ್ಲ, ಅವು ಕಣ್ಣಿಗೆ ಕಾಣದಂಥ ಚೀಲ ಉದುರಿಸ್ತಾವೆ. ಆ ಚೀಲ ಸೂಜಿಯಾಗೆ ಕೊಟ್ರೆ ಉಳಿದ ಕಣನೆಲ್ಲ ಎಬ್ಬಿಸಿ ಗಡ್ಡೆ ಮ್ಯಾಲೆ ಬಿಡ್ತಾವೆ. ಕೂದ್ಲೂ ಉದುರಲ್ಲ."

"ಯಾರಿಗೆ ಕೊಟ್ಟಾರ್ರೀ ಭಾವ?"

"ಸದ್ಯ ಇಲಿಗೆ."

"ಹಂಗಾದ್ರೆ ಇಲಿ ಆರಾಮಾಗ್ಲಿ. ಅಲ್ಲೀತನ ಅಕ್ಕ ದಾವಣಗೆರೆಗೆ ಹೋಗಿ ಬರ್ಲಿ."

ಭಾವನ ಮುಖ ಕೆಂಪಾಯಿತು. "ನಿನಗೇನು ಗೊತ್ತೈತೆ? ವೀರಭದ್ರ ಬಲಕ್ಕೆ ಹೂ ಕೊಟ್ಟಾನೆ!"

ನಮ್ಮ ಕಡೆ ಮದುವೆಗಾಗಲಿ ಬೋರು ಕೊರೆಸುವುದಕ್ಕಾಗಲಿ ದೇವರ ಮೇಲೆ ಹೂವಿಟ್ಟು ಕೇಳುತ್ತೇವೆ. ಬಲಕ್ಕೆ ಬಿದ್ದರೆ ಆತ ಒಪ್ಪಿದಂತೆ. ನಾನೂ ಕೇಳುವವಳೇ. ಅದಕ್ಕೇ ಬಿಡಲಿಲ್ಲ.

"ಏನಂತ ಕೇಳಿದ್ರಿ?"

"ಇವಳು ಗುಣ ಆಗ್ತಾಳಾ ಅಂತ."

"ಕೀಮೋ ಬಿಡ್ಲಾ ಅಂತ ಕೇಳಿದ್ರಾ?"

ಅದನ್ನು ಕೇಳಿರಲಿಲ್ಲ. ಕ್ವಿಂಟಾಲಿಗೆ ಹತ್ತು ರೂಪಾಯಿ ಹೆಚ್ಚು ಕೇಳಲು ಒಂದು ಗಂಟೆ ಬಾಯಿ ಮಾಡುವ ಮನುಷ್ಯ, ಹೆಂಡತಿಯ ಜೀವದ ವಿಷಯದಲ್ಲಿ ಅರ್ಧವೇ ಕೇಳಿ ಎದ್ದು ಬಂದಿದ್ದರು.

"ಗುಣ ಮಾಡ್ತೀನಿ ಅಂದಾನೆ. ಹೆಂಗೆ ಅಂತ ಹೇಳಿಲ್ಲ. ನಿಮ್ಮ ಮೊಬೈಲು ಆತನ ತಲಿಗೆ ಕಟ್ಟಬ್ಯಾಡ್ರಿ," ಎಂದೆ.

ಗೋಡೆಗೊರಗಿದ್ದ ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ನಾ ಹೋಗ್ತೀನಿ. ನೀವು ಬರ್ತೀರೋ, ಇವಳನ್ನ ಕರಕೊಂಡು ಹೋಗ್ಲೋ?"

ಮರುದಿನ ಮೂವರೂ ಹೋದೆವು. ಡಾಕ್ಟರು ಭಾವನ ಮೊಬೈಲನ್ನು ತಾಳ್ಮೆಯಿಂದಲೇ ಓದಿದರು. "ಒಳ್ಳೆಯ ದಾರಿನೇ. ಇನ್ನೂ ಪರೀಕ್ಷೆ ನಡೀತಿದೆ. ಅದು ಬರೋತನಕ ಇದನ್ನ ಬಿಡೋ ಹಾಗಿಲ್ಲ," ಎಂದರು.

ಹೊರಗೆ ಬಂದ ಭಾವ ಎದೆಯುಬ್ಬಿಸಿದರು. "ನೋಡು, ಒಳ್ಳೇ ದಾರಿ ಅಂದ್ರು. ನಾ ಹೇಳಿರ್ಲಿಲ್ವಾ?"

ಮರಳುವಾಗ ಅಕ್ಕ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು. ಔಷಧಿ ಮಾತ್ರ ಮೈಗೆ ಸೇರಿತ್ತು, ಅಷ್ಟು ಸಾಕು. ಅವಳನ್ನು ಮಲಗಿಸಿ, ಸೀರೆಯನ್ನು ಬಚ್ಚಲಿಗೆ ಒಯ್ದು ತಿಕ್ಕತೊಡಗಿದೆ.