ಗುರುವಾರದ ಕೆಂಪು ಗುರುತು

ಷರ್ಟಿನ ಕಾಲರಿಗೆ ಹಿಂದಿನಿಂದ ಕೊಡೆ ಸಿಕ್ಕಿಸಿಕೊಂಡೇ ಅವರು ಶಾಲೆಯ ಗೇಟು ದಾಟುತ್ತಿದ್ದರು. ಒಂದು ಕೈಯಲ್ಲಿ ಮಕ್ಕಳ ನೋಟ್ಸಿನ ಕಟ್ಟು, ಇನ್ನೊಂದರಲ್ಲಿ ಬೋರ್ಡಿಗೆ ಬಳಸುವ ಮರದ ಕೈವಾರ. ಕೊಡೆಗೆ ಬೇರೆ ಜಾಗವೇ ಇರಲಿಲ್ಲ.

ಗುರುವಾಯನಕೆರೆ ಹತ್ತಿರದ ಹೈಸ್ಕೂಲಿನಲ್ಲಿ ನಾನು ಮುಖ್ಯ ಶಿಕ್ಷಕಿ. ಗಣಿತದ ಟೀಚರ್ ಹೆರಿಗೆ ರಜೆಗೆ ಹೋದಾಗ ಹತ್ತನೇ ತರಗತಿಗೆ ಯಾರೂ ಸಿಗದೆ ಕಂಗಾಲಾಗಿದ್ದೆ. ಆಗ ತೋಡಾರಿನಿಂದ ಎರಡು ಬಸ್ಸು ಹಿಡಿದು ಬಂದವರು ಈ ನಿವೃತ್ತ ಮಾಸ್ಟ್ರು. ರಜೆಯಲ್ಲಿದ್ದ ಟೀಚರ ಕುರ್ಚಿಯಲ್ಲಿ ಅವರು ಒಂದು ದಿನವೂ ಕೂರಲಿಲ್ಲ. “ಅದು ಅವರದ್ದು. ನಾನು ಅತಿಥಿ ಶಿಕ್ಷಕ. ಅತಿಥಿಗೆ ಒಂದು ಚಾ ಉಂಟಾ ಮೇಡಂ?” ಎಂದು ನಗುತ್ತಿದ್ದರು. ಬೇರೆ ಯಾರಾದರೂ ರಜೆ ಹಾಕಿದರೆ ಆ ಪಿರಿಯಡ್ಡಿಗೂ ಅವರೇ ಓಡುತ್ತಿದ್ದರು. “ಕ್ಲಾಸು ಖಾಲಿ ಬಿಡ್ಬಾರ್ದು. ಮಕ್ಕಳು ಮೊದಲು ಕಾಯ್ತಾರೆ, ಆಮೇಲೆ ಕಾಯುವುದನ್ನೇ ಬಿಡ್ತಾರೆ.”

ನನಗೋ ಶಿಸ್ತಿನ ಹುಚ್ಚು. ಸಾಲಾಗಿ ನಾಲ್ಕು ಗುರುವಾರ ಅವರು ತಡವಾಗಿ ಬಂದರು. ನಾಲ್ಕು ಸಲವೂ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಹಾಕಿದೆ. ಕೊನೆಯ ಸಲ ಎಲ್ಲರೆದುರೇ, “ಮಾಸ್ಟ್ರೆ, ಮಕ್ಕಳನ್ನು ಕಾಯಿಸ್ಬೇಡಿ” ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು.

“ತಪ್ಪಾಯ್ತು ಮೇಡಂ. ಇನ್ನು ಹಾಗೆ ಆಗುವುದಿಲ್ಲ.”

ಸೋಮವಾರ ಬೆಲ್ಲು ಹೊಡೆಯುವ ಮೊದಲೇ ತಲೆ ನರೆತ ಹೆಂಗಸೊಬ್ಬರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಅದೇ ಕೈವಾರ.

“ನಾನು ನರಿಕೊಂಬಿನಿಂದ. ರಿಟೈರ್ಡ್ ಟೀಚರ್. ಮಾಸ್ಟ್ರು ಶನಿವಾರ ಮನೆಗೆ ಕರೆಸಿ ಇದನ್ನು ಕೊಟ್ರು. ಅವರಿಗೆ ಬರ್ಲಿಕ್ಕೆ ಆಗದಿದ್ರೆ ನಾನು ಬರ್ಬೇಕು ಅಂತ ಮಾತು ತೆಗೊಂಡಿದ್ರು.”

“ಯಾಕೆ, ಹುಷಾರಿಲ್ವಾ?”

ಅವರು ನನ್ನನ್ನೇ ನೋಡಿದರು. “ನಿಮಗೆ ಗೊತ್ತಿಲ್ವಾ? ಇವತ್ತು ಬೆಳಗಿನ ಜಾವ ಹೋಗಿಬಿಟ್ರು. ಹಾರ್ಟಿನದ್ದು. ಗುರುವಾರ ಗುರುವಾರ ಆಸ್ಪತ್ರೆಯಿಂದ ಸೀದಾ ನಿಮ್ಮ ಶಾಲೆಗೇ ಬರ್ತಿದ್ರಲ್ಲ.”

“ಮತ್ತೆ ನೀವು ಅಲ್ಲಿಗೆ ಹೋಗದೆ...” ಎಂದು ತೊದಲಿದೆ.

“ಸಂಜೆ ಹೋಗ್ತೇನೆ. ಕ್ಲಾಸು ಯಾವ ಕಡೆ?”

ಬದಲಿಗೆ ಬಂದಿದ್ದ ಮಾಸ್ಟ್ರು ತಮಗೊಬ್ಬ ಬದಲಿಯನ್ನು ಗೊತ್ತುಮಾಡಿಯೇ ಹೋಗಿದ್ದರು. ಯಾವ ಮಗು ಯಾವ ಲೆಕ್ಕದಲ್ಲಿ ತಡವರಿಸುತ್ತದೆ ಎಂದು ಅವರು ಬರೆದಿಟ್ಟ ಪುಸ್ತಕವೂ ಈ ಟೀಚರ ಚೀಲದಲ್ಲಿತ್ತು. ಅಂದು ಹತ್ತನೇ ತರಗತಿಯ ಪಾಠ ಐದು ನಿಮಿಷವೂ ತಡವಾಗಲಿಲ್ಲ. ಯಾಕೆ ತಡ ಎಂದು ನಾನು ಒಂದೇ ಒಂದು ಸಲ ಕೇಳಬಹುದಿತ್ತು.

ಈ ವರ್ಷ ನನಗೂ ನಿವೃತ್ತಿ. ಹಾಜರಿ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಮುಂದೆ ಬರುವವರಿಗೆ ಅದನ್ನು ಒಪ್ಪಿಸಬೇಕು, ಆ ನಾಲ್ಕು ಗುರುವಾರಗಳ ಸಮೇತ.