ದಿಲ್‌ಶಾದಕ್ಕ ಹೊಲಿದ ಏಳನೇ ನಂಬರು

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದಿಲ್‌ಶಾದ್ ಬೇಗಂಳ ಹೊಲಿಗೆ ಅಂಗಡಿ. ಒಳಗೆ ಮಿಷನ್ನಿನ ಸದ್ದು ಒಂದು ಕಡೆ, ಪೊಲೀಸ್ ಜೀಪಿನ ಸೈರನ್ನು ಇನ್ನೊಂದು ಕಡೆ. ಗಾಬರಿ ಬೇಡ, ಸೈರನ್ನು ಮೊಬೈಲಿನದು. ದಾರದ ಡಬ್ಬಿಗೆ ಒರಗಿಸಿಟ್ಟ ಆ ಮೊಬೈಲಿನಲ್ಲಿ ದಿನವಿಡೀ ಯಾರೋ ಒಬ್ಬ ಇನ್ಸ್‌ಪೆಕ್ಟರ್ ಇನ್ಯಾರನ್ನೋ ಹಿಡಿಯುತ್ತಲೇ ಇರುತ್ತಾನೆ. ಸೀರಿಯಲ್ಲಿನಲ್ಲಿ ಹೆಣ ಬಿದ್ದು ಇನ್ನೂ ಪಂಚನಾಮೆ ಮುಗಿದಿರುವುದಿಲ್ಲ, ದಿಲ್‌ಶಾದ್ ತೀರ್ಪು ಕೊಟ್ಟಿರುತ್ತಾಳೆ: "ಇವನಲ್ಲ ಕಣ್ರೀ. ಆ ಮೆತ್ತಗೆ ಮಾತಾಡ್ತಾನಲ್ಲ ಬಾವ, ಅವನದೇ ಕೆಲಸ." ರವಿಕೆ ಅಳತೆ ಕೊಡಲು ಬಂದವರು ಅಳತೆ ಮರೆತು, ಕೊಲೆಗಾರ ಸಿಗುವವರೆಗೆ ಬೆಂಚು ಬಿಟ್ಟೇಳದಿದ್ದುದೂ ಉಂಟು.

ಆಟ ಅಂದರೆ ಮಾತ್ರ ಅವಳಿಗೆ ಕಬ್ಬಿಣದ ಕಡಲೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಸೀಟಿ ಕೇಳಿದ ಕೂಡಲೇ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗಿ. ಅಂಥವಳನ್ನು ಕೊಟ್ಟಿದ್ದಾದರೂ ಎಂಥ ಮನೆಗೆ! ಗಂಡ ಲಾಲ್‌ಸಾಬ್ ಗ್ಯಾಸ್ ಒಲೆ ರಿಪೇರಿ ಮಾಡುವುದು ಹೊಟ್ಟೆಪಾಡಿಗೆ. ಅವನ ಜೀವವೆಲ್ಲ ವಾಲಿಬಾಲಿನಲ್ಲಿ. ಮೈದುನರೂ ಅಷ್ಟೇ, ಹಬ್ಬಕ್ಕೆ ಬರುವ ಬೀಗರೂ ಅಷ್ಟೇ. ಬಿರಿಯಾನಿ ತಟ್ಟೆಯ ಮುಂದೆ ಕೂತರೂ ಅದೇ ಸ್ಮ್ಯಾಶು, ಅದೇ ಸರ್ವಿಸ್ಸು. ಮದುವೆಯಾದ ಹೊಸತರಲ್ಲಿ ತಾನೂ ಒಂದು ಮಾತಾಡೋಣವೆಂದು ದಿಲ್‌ಶಾದ್ "ಎಷ್ಟು ಗೋಲಾತು?" ಎಂದು ಕೇಳಿದ್ದೇ ಸರಿ, ಮನೆ ಮಂದಿಯೆಲ್ಲ ಬಿದ್ದುಬಿದ್ದು ನಕ್ಕಿತ್ತು. ಅಂದಿನಿಂದ ಆಟದ ಮಾತೆದ್ದರೆ ಅವಳು ಸಾರಿನ ಪಾತ್ರೆ ಹಿಡಿದು ಒಳಗೆ ನಡೆಯುತ್ತಾಳೆ. ನಕ್ಕವರ ಮೇಲೆ ಸಿಟ್ಟೇನಿಲ್ಲ. ಆದರೆ ತನ್ನ ಮನೆಯಲ್ಲೇ ತಾನು ಹೊರಗಿನವಳೆಂಬ ನೋವು ಇತ್ತು, ಸುಳ್ಳೇಕೆ.

ಹೀಗಿರುವಾಗ ಓಣಿಯ ತಂಡದ ನಾಯಕ, ಆಟೋ ಓಡಿಸುವ ತಿಪ್ಪೇರುದ್ರ, ಕೆಂಪು ಬಟ್ಟೆಯ ಥಾನು ಹೊತ್ತು ಅಂಗಡಿಗೆ ಬಂದ. "ಹೊನ್ನಾಳ್ಯಾಗೆ ಟೂರ್ನಮೆಂಟ್ ಐತೆ ಅಕ್ಕ. ಜರ್ಸಿ ನೀವೇ ಹೊಲೀಬೇಕು. ಯಾರಿಗೆ ಯಾವ ನಂಬರ್ ಅಂತ ಅವರವರೇ ಬಂದು ಹೇಳ್ತಾರೆ." ದಿಲ್‌ಶಾದ್‌ಗೆ ಹಿಡಿಸಲಾರದ ಹಿಗ್ಗು. ಆಟವೆನ್ನುವುದು ಮೊದಲ ಸಲ ತಾನಾಗಿ ಅವಳ ಮೆಟ್ಟಿಲು ಹತ್ತಿತ್ತು.

ಮೊದಲು ಬಂದವನು ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಪ್ರವೀಣ್. ಅಳತೆಗೆಂದು ತಂದ ಹಳೇ ಶರ್ಟು ಕೊಟ್ಟು, ಆಚೀಚೆ ನೋಡಿ, "ನಂಗೆ ಏಳು ಹಾಕ್ರಿ. ಯಾರಿಗೂ ಹೇಳಬ್ಯಾಡ್ರಿ, ಕಿತ್ಕಂಬಿಡ್ತಾರೆ" ಎಂದ. ಮಾರನೇ ದಿನ ಇನ್ನೊಬ್ಬ ಬಂದು ಅದನ್ನೇ ಪಿಸುಗುಟ್ಟಿದ. ಆಮೇಲೆ ಮತ್ತೊಬ್ಬ, ಮಗದೊಬ್ಬ. ನಾಲ್ವರಿಗೂ ಏಳೇ ಬೇಕು, ನಾಲ್ವರದೂ ಗುಟ್ಟೇ. ಒಂದು ತಂಡದಲ್ಲಿ ಒಂದು ನಂಬರು ಒಬ್ಬರಿಗೇ ಎಂಬುದು ಓಣಿಯ ಚಿಳ್ಳೆಪಿಳ್ಳೆಗೂ ಗೊತ್ತು. ದಿಲ್‌ಶಾದ್‌ಗೆ ಗೊತ್ತಿದ್ದ ಕಾನೂನೇ ಬೇರೆ: ನಂಬಿ ಬಂದು ಮಾಹಿತಿ ಕೊಟ್ಟವನ ಗುಟ್ಟು ಸತ್ತರೂ ಬಿಡಬಾರದು. ಅವಳ ಇನ್ಸ್‌ಪೆಕ್ಟರುಗಳು ಯಾರೂ ಬಿಟ್ಟವರಲ್ಲ! ಗಂಡ ಕೇಳಿದರೂ ಬಾಯಿ ಬಿಡಲಿಲ್ಲ. ಒಬ್ಬೊಬ್ಬರದನ್ನೂ ಬೇರೆ ಬೇರೆ ಕವರಿಗೆ ಹಾಕಿ, ಪಿನ್ನು ಹೊಡೆದು, "ಮೈದಾನದಾಗೇ ಬಿಚ್ರಿ" ಎಂದು ಕೊಟ್ಟಳು.

ಟೂರ್ನಮೆಂಟಿನ ದಿನ ಲಾಲ್‌ಸಾಬ್ ಹಟ ಹಿಡಿದು ಅವಳನ್ನೂ ಹೊನ್ನಾಳಿಗೆ ಕರೆದೊಯ್ದ. ಅವಳು ಸೂಜಿ ಕತ್ತರಿಯ ಚೀಲವನ್ನು ಎಂದಿನಂತೆ ಹೆಗಲಿಗೆ ಹಾಕಿಕೊಂಡು, ಹೊಂಗೆ ಮರದ ನೆರಳು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತಳು. ಮೆತ್ತಗಿನ ಬಾವನ ಕೈಗೆ ಇನ್ನೇನು ಬೇಡಿ ಬೀಳಬೇಕು, ಅಷ್ಟರಲ್ಲಿ ಮೈಕು ಕೂಗಿತು: "ನ್ಯಾಮತಿ ಕ್ಯಾಪ್ಟನ್ ಬೇಗ ಬರ್ರಿ! ನಿಮ್ಮ ತಂಡದಾಗೆ ನಾಲ್ಕು ಮಂದಿ ಏಳನೇ ನಂಬರ್ ಅದಾರೆ!"

ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಆ ನಗು ಅವಳಿಗೆ ಹಳೇ ಪರಿಚಯ.

ಅಂಪೈರ್ ಸತೀಶ್ ಕುಮಾರ್ ಕಡ್ಡಿ ಮುರಿದಂತೆ ಹೇಳಿದರು. "ನಂಬರ್ ನೋಡೇ ಸರ್ವಿಸ್ ಸರದಿ ಬರ್ಕಳೋದು ನಾವು. ಅರ್ಧ ಗಂಟೇಲಿ ಒಬ್ಬೊಬ್ರಿಗೆ ಒಂದೊಂದು ನಂಬರ್ ಮಾಡ್ಕಂಡು ಬರ್ರಿ. ಇಲ್ಲಾಂದ್ರೆ ಚನ್ನಗಿರಿಯೋರು ಗೆದ್ರು ಅಂತ ಬರೀತೀನಿ." ಇತ್ತ ನಾಲ್ವರೂ "ಏಳು ನಂದು", "ನಂದು" ಎಂದು ಕಚ್ಚಾಟಕ್ಕೆ ನಿಂತಿದ್ದರು. ತಿಪ್ಪೇರುದ್ರ ತಲೆ ಹಿಡಿದುಕೊಂಡಿದ್ದ. ಲಾಲ್‌ಸಾಬ್‌ನ ಮುಖ ಬಾಡಿಹೋಗಿತ್ತು. ಯಾ ಅಲ್ಲಾ, ವರ್ಷವಿಡೀ ಬೆವರು ಸುರಿಸಿದವರು ನನ್ನ ಹೊಲಿಗೆಯಿಂದಾಗಿ ಚೆಂಡು ಮುಟ್ಟದೆ ಮನೆಗೆ ಹೋಗಬೇಕೇ? ದಿಲ್‌ಶಾದ್‌ಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಭೂಮಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವಳು ಅವಳೇ.

"ಸಾಲಾಗಿ ನಿಲ್ರಿ! ಒಬ್ಬನೂ ತುಟಿ ಪಿಟಕ್ ಅನ್ನಂಗಿಲ್ಲ!"

ಯಾವ ಇನ್ಸ್‌ಪೆಕ್ಟರ್ ಮೈಮೇಲೆ ಬಂದಿದ್ದನೋ! ಮೂಟೆ ಹೊರುವ ಗಟ್ಟಿಗರು ಕಳ್ಳರ ಹಾಗೆ ಸಾಲುಗಟ್ಟಿದರು. "ಮೊದಲು ಬಂದೋನು ಹಳೇ ಶರ್ಟು ತಂದಿದ್ದ. ಪ್ರವೀಣಾ, ಏಳು ನಿಂದು, ಆಚಿಗೆ ಹೋಗು. ಉಳಿದೋರು ಅಲುಗಾಡಬ್ಯಾಡ್ರಿ, ಸೂಜಿ ಚುಚ್ಚುತ್ತೆ." ಒಬ್ಬನ ಏಳಿನ ಮೇಲಿನ ಅಡ್ಡಪಟ್ಟಿ ಕತ್ತರಿಸಿದಳು, ಅದು ಒಂದಾಯಿತು. ಆ ಪಟ್ಟಿಯನ್ನು ಇನ್ನೊಬ್ಬನ ಏಳಿನ ಮುಂದೆ ನೆಟ್ಟಗೆ ಹೊಲಿದಳು, ಹದಿನೇಳಾಯಿತು. ಮೂರನೆಯವನ ಅಡ್ಡಪಟ್ಟಿ ಬಿಚ್ಚಿ ಅವನದೇ ಮಗ್ಗುಲಿಗೆ ನಿಲ್ಲಿಸಿದಳು, ಹನ್ನೊಂದು. ಎದೆಗೂ ಬೆನ್ನಿಗೂ, ಅವರ ಮೈಮೇಲೇ. ಅವಳು ಕೈಚಾಚಿದಾಗಲೆಲ್ಲ ದಾರ ಪೋಣಿಸಿದ ಸೂಜಿ ಬರುತ್ತಿತ್ತು. ಯಾರೆಂದು ನೋಡಿದರೆ ಲಾಲ್‌ಸಾಬ್, ಕನ್ನಡಕ ಮೂಗಿನ ತುದಿಗಿಳಿಸಿ, ದಾರಕ್ಕೆ ಎಂಜಲು ಹಚ್ಚುತ್ತ ಕೂತಿದ್ದ. ಇಷ್ಟು ವರ್ಷದಲ್ಲಿ ಅವನು ಸೂಜಿ ಮುಟ್ಟಿದ್ದು ಅದೇ ಮೊದಲು.

ಸತೀಶ್ ಕುಮಾರ್ ಬಂದು ಸೊಟ್ಟಗೆ ವಾಲಿದ ಒಂದನ್ನು ನೋಡಿ, "ವಾಲಿದ್ರೂ ಒಂದು ಒಂದೇ" ಎಂದು ನಕ್ಕು ಸೀಟಿ ಊದಿದರು.

ಆಮೇಲೆ ದಿಲ್‌ಶಾದ್ ಹೊಂಗೆ ನೆರಳಿಗೆ ಹೋಗಲೇ ಇಲ್ಲ. ಗೆರೆಯ ಪಕ್ಕ ನಿಂತು, ತನ್ನ ಹೊಲಿಗೆ ಬಿಚ್ಚೀತೆಂಬ ದಿಗಿಲಿನಲ್ಲೇ ಹದಿನೇಳನ್ನು ನೋಡಿದಳು, ಹನ್ನೊಂದನ್ನು ನೋಡಿದಳು. ನೋಡುತ್ತ ನೋಡುತ್ತ ಆಟವನ್ನೂ ನೋಡಿದಳು. ಮೊಬೈಲಿನಲ್ಲಿ ಬಾವ ಏನಾದನೋ ದೇವರೇ ಬಲ್ಲ. ನ್ಯಾಮತಿಯವರು ಸೋತರು. ಹೊಲಿಗೆ ಬಿಚ್ಚಲಿಲ್ಲ.

ಮಾರನೇ ದಿನ ಸಂಜೆ ಆಟಗಾರರೆಲ್ಲ ಬಾಗಿಲಲ್ಲಿ ನಿಂತಾಗ ಬೈಗುಳಕ್ಕೆ ಸಿದ್ಧಳಾಗಿಯೇ ಅವಳು ಮಿಷನ್ ನಿಲ್ಲಿಸಿದಳು. ತಿಪ್ಪೇರುದ್ರ ತಲೆ ಕೆರೆದುಕೊಂಡ. "ಅಕ್ಕಾ, ಆಟ ಆಡಿ ಸೋತ್ವಲ್ಲ, ಅದು ನಿಮ್ಮಿಂದ. ಆಡ್ದೆ ಸುಮ್ನೆ ವಾಪಸ್ ಬಂದಿದ್ರೆ ಮುಖ ಎತ್ಕಂಡು ತಿರುಗಂಗಿರ್ಲಿಲ್ಲ." ಪ್ರವೀಣ್ ಆಗಲೇ ಮೊಬೈಲಿಗೆ ಇಣುಕುತ್ತಿದ್ದ. "ಆ ಬಾವ ಸಿಕ್ಕಿಬಿದ್ನಾ ಅಕ್ಕ?"

ದಿಲ್‌ಶಾದ್ ಬೆಂಚಿನ ಮೇಲಿದ್ದ ಬಟ್ಟೆಯನ್ನೆಲ್ಲ ಎತ್ತಿಟ್ಟು ಜಾಗ ಮಾಡಿದಳು. ಎಲ್ಲರೂ ಒತ್ತಿಕೊಂಡು ಕೂತರು. ಒಲೆ ರಿಪೇರಿ ಮುಗಿಸಿ ಬಂದ ಲಾಲ್‌ಸಾಬ್ ಕೈ ಒರೆಸಿಕೊಳ್ಳುತ್ತ ತಾನೂ ತುದಿಯಲ್ಲಿ ತೂರಿಕೊಂಡು, ತೆರೆಯ ಮೇಲೆ ಓಡುತ್ತಿದ್ದ ಪೊಲೀಸರನ್ನು ಸ್ವಲ್ಪ ಹೊತ್ತು ನೋಡಿ, ಅಂಜುತ್ತಲೇ ಕೇಳಿದ: "ಈಗ ಯಾರು ಗೆಲ್ತಾ ಅದಾರೆ?"

ಆಟಗಾರರು ಗೊಳ್ಳೆಂದರು. ದಿಲ್‌ಶಾದ್ ನಗಲಿಲ್ಲ. ಮೊಬೈಲನ್ನು ಅವನ ಕಡೆಗೆ ತಿರುಗಿಸಿ, ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು.